ಬಾಜೂ ಮನೆಯ ಪಾರ್ಸೆಲ್ ಇಟ್ಟುಕೊಂಡರೆ ಕೇಸ್ ಆಗುತ್ತಾ? ವಾರ ಕಳೆದರೆ ಅದು ನಮ್ಮದಾಗುತ್ತಾ?

"ಅಕ್ಕಾರ, ಬಾಜೂ ಮನಿಯವರ ಪಾರ್ಸೆಲ್ ಐತ್ರಿ. ಅವರು ಫೋನ್ ಎತ್ತವಲ್ರು. ನೀವ ಇಟ್ಕೊಂಡ್ ಕೊಡ್ರಿ."

ಗೋಕಾಕ ಅಥವಾ ಮೂಡಲಗಿ ಕಡೆಯಿಂದ ಬೈಕಿನಲ್ಲಿ ಚೀಲ ಹೇರಿಕೊಂಡು ಬಂದ ಹುಡುಗ ಕುಲಗೋಡದಂಥ ಊರಿನ ಓಣಿಯಲ್ಲಿ ನಿಂತು ಹೀಗೆ ಕೇಳಿದರೆ ಒಲ್ಲೆ ಅನ್ನುವವರು ಕಡಿಮೆ. ಒಂದು ಪಾರ್ಸೆಲ್ಲಿಗಾಗಿ ಅವನು ನಾಳೆ ಮತ್ತೆ ಅಷ್ಟು ದೂರ ಬರಬೇಕು ಎಂಬುದು ನಮಗೂ ಗೊತ್ತು. ಇಟ್ಟುಕೊಳ್ಳುತ್ತೇವೆ. ಬಾಜೂ ಮನೆಯವರು ಮಗನ ಹತ್ತಿರ ಪುಣೆಗೆ ಹೋಗಿದ್ದಾರೆ. ಎರಡು ದಿನವಾಯಿತು, ಎಂಟು ದಿನವಾಯಿತು, ಡಬ್ಬಿ ಟಿವಿಯ ಪಕ್ಕದಲ್ಲೇ ಕುಳಿತಿದೆ.

ಅಷ್ಟರಲ್ಲಿ ಫೋನಿಗೆ ಒಂದು ಫಾರ್ವರ್ಡ್ ಬರುತ್ತದೆ. ಬೇರೆಯವರ ಪಾರ್ಸೆಲ್ ಪಡೆದರೆ ಪೊಲೀಸ್ ಕೇಸ್ ಖಚಿತ ಅಂತ ಒಂದು. ಏಳು ದಿನದೊಳಗೆ ಕೇಳದಿದ್ದರೆ ಅದು ಇಟ್ಟುಕೊಂಡವರದೇ ಅಂತ ಇನ್ನೊಂದು. ಪಾರ್ಸೆಲ್ಲಿನಲ್ಲಿ ಬಂದ ಹೇರ್ ಡ್ರೈಯರ್ ಸಿಡಿದು ಮಹಿಳೆಯ ಕೈ ಹೋಯಿತು, ಯಾರೂ ಹೇರ್ ಡ್ರೈಯರ್ ಬಳಸಬೇಡಿ ಅಂತ ಮೂರನೆಯದು.

ಮೊದಲಿನ ಎರಡು ತಪ್ಪು. ಮೂರನೆಯದರಲ್ಲಿ ಘಟನೆ ನಿಜ, ಕೊಟ್ಟ ಕಾರಣ ತಪ್ಪು. ಅಲ್ಲಿಂದಲೇ ಶುರು ಮಾಡೋಣ, ಏಕೆಂದರೆ ಅದು ನಡೆದದ್ದು ನಮ್ಮ ಪಕ್ಕದ ಜಿಲ್ಲೆಯಲ್ಲೇ. ಮತ್ತು ಅದು ಬೇರೆಯವರ ಹೆಸರಿಗೆ ಬಂದ ಪಾರ್ಸೆಲ್ಲಿನದೇ ಕತೆ.

ಇಳಕಲ್‌ನಲ್ಲಿ ಸಿಡಿದದ್ದು ಏನು?

2024ರ ನವೆಂಬರ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಒಬ್ಬ ಮಹಿಳೆಯ ಹೆಸರಿಗೆ ಕೊರಿಯರ್ ಬಂತು. ಆಕೆ ಊರಲ್ಲಿರಲಿಲ್ಲ. ತನ್ನ ಗೆಳತಿಗೆ ಫೋನ್ ಮಾಡಿ, ಅದನ್ನು ಪಡೆದುಕೊಳ್ಳಲು ಹೇಳಿದಳು. ನಾವೆಲ್ಲ ದಿನವೂ ಮಾಡುವ ಕೆಲಸವೇ. ಡಬ್ಬಿ ತೆರೆದಾಗ ಒಳಗೆ ಹೇರ್ ಡ್ರೈಯರ್ ಇತ್ತು. ಪ್ಲಗ್ ಹಾಕಿ ಸ್ವಿಚ್ ಒತ್ತಿದ ಕೂಡಲೇ ಅದು ಸಿಡಿಯಿತು. ಆ ಗೆಳತಿ ತೀವ್ರವಾಗಿ ಗಾಯಗೊಂಡು ಕೈಗಳನ್ನೇ ಕಳೆದುಕೊಂಡಳು.

ಮೊದಲ ಒಂದೆರಡು ದಿನ ಎಲ್ಲ ಕಡೆ ಓಡಿದ್ದು ಡ್ರೈಯರ್‌ನ ದೋಷ, ಶಾರ್ಟ್ ಸರ್ಕ್ಯೂಟ್ ಎಂಬ ಸುದ್ದಿ. ಈಗಲೂ ಗ್ರೂಪ್‌ಗಳಲ್ಲಿ ತಿರುಗುತ್ತಿರುವುದು ಅದೇ ಹಳೆಯ ಸುದ್ದಿ. ಆದರೆ ಪೊಲೀಸರು ವಿಚಾರಿಸಿದಾಗ ಆ ಡ್ರೈಯರ್ ಅನ್ನು ಯಾರೂ ಆರ್ಡರ್ ಮಾಡಿಯೇ ಇರಲಿಲ್ಲ ಎಂಬುದು ತಿಳಿಯಿತು. ಅದರೊಳಗೆ ಸ್ಫೋಟಕ ಇಡಲಾಗಿತ್ತು ಎಂದು ತನಿಖೆ ಹೇಳಿತು. ಪಾರ್ಸೆಲ್ ಯಾರ ಹೆಸರಿಗೆ ಬಂದಿತ್ತೋ ಆಕೆಯ ಮೇಲಿನ ದ್ವೇಷದಿಂದ ಇದನ್ನು ಕಳಿಸಿದ ಆರೋಪದ ಮೇಲೆ ಗ್ರಾನೈಟ್ ಉದ್ಯಮದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನನ್ನು ಬಂಧಿಸಲಾಯಿತು.

ಇಲ್ಲಿ ಸ್ವಲ್ಪ ವಿಜ್ಞಾನ. ಹೇರ್ ಡ್ರೈಯರ್ ಒಳಗೆ ಇರುವುದು ಕಾಯುವ ಒಂದು ತಂತಿ ಸುರುಳಿ, ಗಾಳಿ ದೂಡುವ ಸಣ್ಣ ಫ್ಯಾನು, ಅದರ ಮೋಟಾರು. ಇಷ್ಟೇ. ಕುಕ್ಕರಿನಂತೆ ಒಳಗೆ ಹಬೆ ಒತ್ತಿ ನಿಲ್ಲುವ ಜಾಗವಿಲ್ಲ, ಗೋಡೆಯ ಪ್ಲಗ್ಗಿನಿಂದ ನಡೆಯುವ ಡ್ರೈಯರ್‌ನಲ್ಲಿ ಬ್ಯಾಟರಿಯೂ ಇಲ್ಲ. ಅದು ಕೆಟ್ಟರೆ ಸುಟ್ಟ ವಾಸನೆ ಬರಬಹುದು, ಕಿಡಿ ಹಾರಬಹುದು, ಪ್ಲಾಸ್ಟಿಕ್ ಕರಗಬಹುದು, ಬೆಂಕಿ ಹತ್ತಬಹುದು. ಒದ್ದೆ ಕೈಯಲ್ಲಿ ಹಿಡಿದರೆ ಕರೆಂಟ್ ಹೊಡೆಯಬಹುದು, ಅದು ಜೀವಕ್ಕೇ ಅಪಾಯ. ಆದರೆ ಕೈ ತುಂಡಾಗುವಂಥ ಸ್ಫೋಟಕ್ಕೆ ಬೇಕಾದದ್ದು ಯಾವುದೂ ಅದರೊಳಗೆ ಇರುವುದಿಲ್ಲ. ಹಾಗಾಗಿ ಈ ಘಟನೆಯಿಂದ ಹೇರ್ ಡ್ರೈಯರ್‌ಗೆ ಹೆದರಬೇಕಾಗಿಲ್ಲ.

ಮತ್ತೆ ಯಾವುದಕ್ಕೆ ಹುಷಾರಾಗಿರಬೇಕು? ಡಬ್ಬಿಯನ್ನು ಪಡೆದದ್ದರಿಂದ ಅನಾಹುತ ಆಗಲಿಲ್ಲ. ಯಾರೂ ತರಿಸದ ವಸ್ತುವನ್ನು ತೆರೆದು ಪ್ಲಗ್ ಹಾಕಿದಾಗ ಆಯಿತು. ಇದಕ್ಕಾಗಿ ಆ ಗೆಳತಿಯನ್ನು ದೂರುವುದು ಅನ್ಯಾಯ, ಇಂಥದ್ದೊಂದು ಯಾರ ಕನಸಿನಲ್ಲಿಯೂ ಇರಲಿಲ್ಲ. ಇಂಥ ಘಟನೆ ತೀರ ಅಪರೂಪ ಕೂಡ. ಆದರೂ ಪಾರ್ಸೆಲ್ ಕೈಗೆ ತೆಗೆದುಕೊಳ್ಳುವ ಮೊದಲು ಅದರ ಒಡೆಯರಿಗೆ "ಇದನ್ನ ನೀವ ತರಿಸಿದ್ದೇನ್ರಿ?" ಎಂದು ಒಂದು ಮಾತು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಹೌದು ಅಂದರೆ ಇಟ್ಟುಕೊಳ್ಳಿ. ಇಲ್ಲ ಅಂದರೆ, ಅಥವಾ ಫೋನೇ ಹತ್ತದಿದ್ದರೆ, ವಾಪಸ್ ಕಳಿಸಿ. ತಂದವನಿಗೆ ಬೇಸರವಾಗಬಹುದು, ಆಗಲಿ.

ಕಾನೂನು ಏನನ್ನುತ್ತದೆ?

ಬೇರೆಯವರ ವಸ್ತುವನ್ನು ಅವರಿಗೆ ಮರಳಿ ಕೊಡಲೆಂದು ಇಟ್ಟುಕೊಳ್ಳುವುದು ಅಪರಾಧವಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲಿ 148ನೇ ಕಲಮಿನಿಂದ ಮುಂದೆ ಇದರ ಬಗ್ಗೆಯೇ ನಿಯಮಗಳಿವೆ. 151ನೇ ಕಲಮಿನ ಸಾರ ಇಷ್ಟು: ಸಾಮಾನ್ಯ ಬುದ್ಧಿಯ ಮನುಷ್ಯ ತನ್ನ ಸ್ವಂತದ ಅಂಥದ್ದೇ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಅಷ್ಟು ಕಾಳಜಿ ಸಾಕು. ಕಬ್ಬಿಣದ ಕಪಾಟಿನಲ್ಲಿ ಇಟ್ಟು ಕಾವಲು ಕಾಯಬೇಕಿಲ್ಲ, ಹಾಗಂತ ಮಳೆಯಲ್ಲಿ ಕಟ್ಟೆಯ ಮೇಲೆ ಬಿಡುವಂತೆಯೂ ಇಲ್ಲ. ಅಷ್ಟು ಕಾಳಜಿ ಮಾಡಿಯೂ ಕಳ್ಳತನವಾದರೆ, ಮನೆಗೆ ನೀರು ನುಗ್ಗಿ ಹಾಳಾದರೆ, ನಿಮ್ಮ ಮೇಲೆ ಹೊಣೆ ಬರುವುದಿಲ್ಲ ಎಂದು 152ನೇ ಕಲಮು ಹೇಳುತ್ತದೆ.

ಆದರೆ ಒಂದು ಗೆರೆ ಇದೆ. ಇಟ್ಟುಕೊಂಡ ವಸ್ತುವನ್ನು ನೀವೇ ಬಳಸಿದರೆ, ಆ ಬಳಕೆಯಲ್ಲಿ ಆದ ಹಾನಿಗೆ ನೀವೇ ಹೊಣೆ. 154ನೇ ಕಲಮು ಅದು. ಮಿಕ್ಸರ್ ಚಲೋ ಐತೇನು ನೋಡೋಣ ಅಂತ ಒಂದು ಸಲ ತಿರುಗಿಸಿದರೂ ಅಷ್ಟೇ. ಅದನ್ನು ಮಾರಿದರೆ ಅಥವಾ ಕೊಡುವುದಿಲ್ಲ ಎಂದು ಒಳಗೆ ಹಾಕಿಕೊಂಡರೆ ವಿಷಯ ಕ್ರಿಮಿನಲ್ ಆಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ನಂಬಿ ಕೊಟ್ಟದ್ದನ್ನು ನುಂಗಿದವರಿಗೆ 5 ವರ್ಷದವರೆಗೆ ಜೈಲು ಆಗಬಹುದು. ಅದಕ್ಕೆ ಮೋಸದ ಉದ್ದೇಶ ಇರಬೇಕು. ಮರೆತು ಹತ್ತು ದಿನ ಇಟ್ಟದ್ದು ಮೋಸವಲ್ಲ.

ಇನ್ನು ಆ ಏಳು ದಿನದ ಮಾತು. ಏಳು ದಿನ, ಮೂವತ್ತು ದಿನ, ಆರು ತಿಂಗಳು, ಎಷ್ಟೇ ಕಳೆದರೂ ಒಡೆಯರು ಯಾರೆಂದು ಗೊತ್ತಿರುವ ಪಾರ್ಸೆಲ್ ಇಟ್ಟುಕೊಂಡವರದಾಗುವುದಿಲ್ಲ. ಹಾಗಾದರೆ ಏಳು ಎಂಬ ಅಂಕಿ ಎಲ್ಲಿಂದ ಬಂತು? ನನ್ನ ಊಹೆ, ಅಂಚೆ ಕಚೇರಿಯಿಂದ. ವಿಳಾಸದಾರರು ಸಿಗದ ಟಪಾಲನ್ನು ಅಲ್ಲಿ ಸಾಮಾನ್ಯವಾಗಿ ಏಳು ದಿನ ಇಟ್ಟು ಕಳಿಸಿದವರಿಗೆ ಮರಳಿಸುತ್ತಾರೆ. ಅದು ಕಳಿಸಿದವರಿಗೆ ಹೋಗುತ್ತದೆಯೇ ಹೊರತು ಪೋಸ್ಟಮ್ಯಾನ್‌ನದಾಗುವುದಿಲ್ಲ.

ಕುಲಗೋಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ ಅನ್ನಿ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರಿದು. ಒಂದೇ ಒಂದು ಹೂವು ಯಾರ ಮನೆಗೆ ಹೋಯಿತು ಎಂಬುದರ ಮೇಲೆ ಬೆಳತನಕ ಆಟ ನಡೆದದ್ದನ್ನು ನೋಡಿದ ಊರು.

ಎಂಟು ದಿನವಾಯಿತು, ಯಾರೂ ಬರಲಿಲ್ಲ

ಮೊದಲು ತಿಳಿಸಿದ್ದಕ್ಕೆ ದಾಖಲೆ ಮಾಡಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದರೂ ಒಂದು ಮೆಸೇಜ್ ಹಾಕಿ, ಜೊತೆಗೆ ಡಬ್ಬಿಯ ಫೋಟೋ ಕಳಿಸಿ. ಅದನ್ನು ಅವರೊಬ್ಬರಿಗೇ ಕಳಿಸಿ, ಓಣಿಯ ಗ್ರೂಪಿಗೆ ಬೇಡ. ಡಬ್ಬಿಯ ಮೇಲಿನ ಚೀಟಿಯಲ್ಲಿ ಹೆಸರು, ಮನೆ, ಫೋನ್ ನಂಬರು, ಕೆಲವೊಮ್ಮೆ ಒಳಗಿನ ವಸ್ತು ಮತ್ತು ಬೆಲೆಯೂ ಇರುತ್ತದೆ. ವಂಚಕರಿಗೆ ಬೇಕಾದದ್ದು ಅಷ್ಟೇ. ನೀವು ಆರ್ಡರ್ ಮಾಡಿದ ಇಂಥ ವಸ್ತು ಎಂದು ಕರಾರುವಾಕ್ಕಾಗಿ ಹೇಳಿ ಫೋನ್ ಮಾಡಿದರೆ ಯಾರಾದರೂ ನಂಬುತ್ತಾರೆ.

ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಕೈಗೆ ಕೊಟ್ಟ ಕ್ಷಣವೇ ಆ್ಯಪ್‌ನಲ್ಲಿ ಡೆಲಿವರಿ ಆಯಿತು ಎಂದು ಬೀಳುತ್ತದೆ. ವಸ್ತು ಮರಳಿಸುವ ಗಡುವು ಸಾಮಾನ್ಯವಾಗಿ ಆ ದಿನದಿಂದಲೇ ಎಣಿಕೆಯಾಗುತ್ತದೆ. ಹತ್ತು ದಿನದ ಗಡುವಿದ್ದು ನೀವು ಹನ್ನೆರಡನೆಯ ದಿನ ಕೊಟ್ಟರೆ, ಒಡೆದ ಮೊಬೈಲ್ ಅವರ ಕೊರಳಿಗೇ ಬೀಳುತ್ತದೆ. ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ.

ಒಳಗೇನಿದೆ ಎಂದೂ ಫೋನಿನಲ್ಲೇ ಕೇಳಿ. ಗೋಕಾಕ ಕರದಂಟಾದರೆ ವಾರ ಇಟ್ಟರೂ ಏನೂ ಆಗದು, ಬೆಳಗಾವಿ ಕುಂದಾ ಹಾಲಿನದು, ಕಾಯುವುದಿಲ್ಲ. ಔಷಧಿ ಇದ್ದರೆ ಹೆಚ್ಚು ಲಕ್ಷ್ಯ ಬೇಕು. ಬಳಸಲು ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡಬೇಕು. ಐಸ್ ಕಟ್ಟುವ ಮೇಲಿನ ಖಾನೆಯಲ್ಲಿ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಬಳಸಲು ಬರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ತಗಡಿನ ಮನೆಯಲ್ಲಿ ಮೂರು ದಿನ ಇಟ್ಟ ಇನ್ಸುಲಿನ್ ನೋಡಲು ಚೆನ್ನಾಗಿಯೇ ಇರುತ್ತದೆ, ಸಕ್ಕರೆ ಇಳಿಸುವ ಶಕ್ತಿ ಕುಂದಿರುತ್ತದೆ. ಹಾಗೆ ಇಟ್ಟುಬಿಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ. ಕ್ರಿಮಿನಾಶಕದ ವಾಸನೆ ಬರುವ, ಸೋರುವ ಡಬ್ಬಿಯನ್ನು ಮನೆಯೊಳಗೆ ತರಲೇಬೇಡಿ.

ಫೋನಿನಲ್ಲಿ ಒಪ್ಪಿಗೆ ಪಡೆದು ಇಟ್ಟುಕೊಂಡವರು ಆಮೇಲೆ ಬರಲೇ ಇಲ್ಲ ಅಂದರೆ, ಊರಲ್ಲಿರುವ ಅವರ ಮನೆತನದವರಿಗೆ ಒಪ್ಪಿಸಿ, ಒಪ್ಪಿಸುವ ಮೊದಲು ಮಾಲೀಕರಿಗೆ ಹೇಳಿ. ನಿಮ್ಮ ಖರ್ಚಿನಲ್ಲಿ ಪುಣೆಗೆ ಕಳಿಸಬೇಕಾದ ಬಾಧ್ಯತೆ ನಿಮಗಿಲ್ಲ. ಅವರ ಮಾತಿನಂತೆ ಕಳಿಸಿದರೆ ಆ ಖರ್ಚು ಕೇಳುವುದು ತಪ್ಪಲ್ಲ. ಹಣ ತೆಗೆದುಕೊಳ್ಳದೆ ಇಟ್ಟುಕೊಂಡವರಿಗೆ ಅಗತ್ಯ ಖರ್ಚನ್ನು ಒಡೆಯರು ಕೊಡಬೇಕು ಎಂದು 158ನೇ ಕಲಮಿನಲ್ಲಿದೆ. ಮನೆ ಖಾಲಿ ಮಾಡಿ ಹೋದವರ, ನಂಬರೂ ಹತ್ತದವರ ಪಾರ್ಸೆಲ್ ಆದರೆ ಚೀಟಿಯ ಮೇಲಿನ ಕೊರಿಯರ್‌ನವರಿಗೆ ತಿಳಿಸಿ, ತೆರೆಯದೆ ಮರಳಿಸಿ, ಮರಳಿಸಿದ್ದಕ್ಕೆ ಗುರುತು ಇಟ್ಟುಕೊಳ್ಳಿ. ಅಂಚೆಯಲ್ಲಿ ಬಂದದ್ದಾದರೆ ಪೋಸ್ಟಮ್ಯಾನ್ ಕೈಗೆ ಕೊಟ್ಟು ವಿಳಾಸದಾರರು ಊರು ಬಿಟ್ಟಿದ್ದಾರೆ ಎಂದು ಹೇಳಿದರೆ ಸಾಕು.

ಕೈ ಮುಂದೆ ಮಾಡಬಾರದ ಪಾರ್ಸೆಲ್

ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾದದ್ದು ಒಂದು. ಬಾಜೂ ಮನೆಯವರೇ ಹೇಳಿದ್ದಾರೆ, 650 ರೂಪಾಯಿ ಕೊಡಿ ಎಂದರೆ ಅವರ ಬಾಯಿಂದಲೇ ಕೇಳದ ಹೊರತು ಕೊಡಬೇಡಿ. ಯಾರೂ ತರಿಸದ ಕಸದಂಥ ವಸ್ತುವನ್ನು ಹೀಗೆ ಗಂಟು ಹಾಕುವುದು ಹಳೆಯ ಮೋಸ. ಒಟಿಪಿ ಕೇಳಿದರೆ ಅದು ಪಾರ್ಸೆಲ್ ಯಾರದೋ ಅವರ ಫೋನಿಗೆ ಬರುತ್ತದೆ, ನಿಮ್ಮ ಫೋನಿಗಲ್ಲ. ನಿಮ್ಮ ಫೋನಿಗೆ ಬಂದ ಒಟಿಪಿ ಬೇಕು ಅಂದರೆ ಅದು ಬೇರೆಯದೇ ಆಟ. ಪಾರ್ಸೆಲ್ ವಿಳಾಸ ಸರಿಪಡಿಸಲು *21* ಅಥವಾ *401* ಒತ್ತಿ ಒಂದು ನಂಬರು ಹಾಕಿ ಅನ್ನುವವರೂ ಇದ್ದಾರೆ. ಅದು ನಿಮಗೆ ಬರುವ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಉಪಾಯ, ಬ್ಯಾಂಕಿನ ಒಟಿಪಿ ಕರೆಯೂ ಅಲ್ಲಿಗೇ ಹೋಗುತ್ತದೆ. ಒತ್ತಿಬಿಟ್ಟಿದ್ದರೆ ##002# ಒತ್ತಿ ರದ್ದು ಮಾಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕೋರ್ಟಿನ ಸಮನ್ಸ್, ಎಟಿಎಂ ಕಾರ್ಡ್, ಪಾಸ್‌ಪೋರ್ಟ್ ಬಾಜೂ ಮನೆಯವರು ಸಹಿ ಮಾಡಿ ತೆಗೆದುಕೊಳ್ಳುವಂಥವಲ್ಲ. ಸಮನ್ಸ್ ಅನ್ನು ಆ ಮನೆಯಲ್ಲೇ ಇರುವ ವಯಸ್ಕ ಸದಸ್ಯರಿಗೆ ಕೊಡಬಹುದು, ನೆರೆಯವರು ಆ ಲೆಕ್ಕದಲ್ಲಿಲ್ಲ.

ರೈತರ ಊರಾದ್ದರಿಂದ ಇದನ್ನೂ ಹೇಳಬೇಕು. 2020ರಲ್ಲಿ ಹಲವು ದೇಶಗಳಲ್ಲಿ ಯಾರೂ ಆರ್ಡರ್ ಮಾಡದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದವು. ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತು. ಅವು ಸುಳ್ಳು ಮಾರಾಟ ತೋರಿಸಿ ಹೊಗಳಿಕೆ ಬರೆಸಿಕೊಳ್ಳಲು ಮಾರಾಟಗಾರರು ಮಾಡಿದ ತಂತ್ರವಾಗಿರಬಹುದು ಎಂಬ ಅನುಮಾನವಿತ್ತು. ಕಾರಣ ಏನೇ ಇರಲಿ, ಗುರುತಿಲ್ಲದ ಬೀಜದೊಂದಿಗೆ ಹೊಸ ರೋಗ, ಹೊಸ ಕಳೆ ಹೊಲಕ್ಕೆ ಬರಬಹುದು. ಅಂಥದ್ದನ್ನು ಬಿತ್ತಬೇಡಿ, ತಿಪ್ಪೆಗೂ ಎಸೆಯಬೇಡಿ, ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ.

ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಇತ್ತು, ವಿಡಿಯೋ ಕರೆಯಲ್ಲೇ ಇರಿ, ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವ ಕರೆ ಪೂರ್ತಿ ಸುಳ್ಳು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ನಿಜವಾಗಿಯೂ ಮಾದಕ ವಸ್ತು ಸಿಕ್ಕ ಪ್ರಕರಣದಲ್ಲಿ ಅದು ಗೊತ್ತಿದ್ದೇ ಇಟ್ಟುಕೊಂಡದ್ದೇ ಎಂಬುದನ್ನು ಕೋರ್ಟ್ ನೋಡುತ್ತದೆ, ಆದರೆ ಗೊತ್ತಿರಲಿಲ್ಲ ಎಂದು ತೋರಿಸುವ ಹೊರೆ ಯಾರ ಹತ್ತಿರ ಸಿಕ್ಕಿತೋ ಅವರ ಮೇಲೆ ಬೀಳುತ್ತದೆ. ಆಗ ಬಾಜೂ ಮನೆಯವರಿಗೆ ಅದೇ ದಿನ ಹಾಕಿದ ಒಂದು ಮೆಸೇಜ್ ಬಹಳ ಕೆಲಸಕ್ಕೆ ಬರುತ್ತದೆ. ಕಳಿಸಿದವರ ಹೆಸರೇ ಇಲ್ಲದ, ಒಡೆಯರು ನಮ್ಮದಲ್ಲ ಅನ್ನುವ ಡಬ್ಬಿ ಹೇಗೋ ಮನೆಗೆ ಬಂದುಬಿಟ್ಟಿದ್ದರೆ ಅದನ್ನು ಅಲುಗಾಡಿಸಿ ನೋಡಬೇಡಿ, ಇದ್ದಲ್ಲೇ ಬಿಟ್ಟು 112ಕ್ಕೆ ಫೋನ್ ಮಾಡಿ.

ಉಳಿದ ಸಾಮಾನ್ಯ ಪಾರ್ಸೆಲ್ಲುಗಳಿಗೆ ಇಂಥ ಒಂದು ಮೆಸೇಜ್ ಸಾಕು, ಬೇಕಾದರೆ ಹೀಗೇ ನಕಲು ಮಾಡಿಕೊಳ್ಳಿ:

"ವೈನಿ, ಇವತ್ತ ಮಧ್ಯಾಹ್ನ ನಿಮ್ಮ ಹೆಸರಿಲೆ ಒಂದ ಪಾರ್ಸೆಲ್ ಬಂದೈತ್ರಿ. ನೀವ ಫೋನಿನ್ಯಾಗ ಹೂಂ ಅಂದ ಮ್ಯಾಲೆ ಇಟ್ಕೊಂಡೀನಿ. ಫೋಟೋ ಹಾಕೀನಿ ನೋಡ್ರಿ, ತೆರದಿಲ್ಲ. ಫ್ರಿಜ್ಜಿನ್ಯಾಗ ಇಡೂದ ಏನರ ಇದ್ರ ಈಗ ಹೇಳ್ರಿ. ರವಿವಾರದೊಳಗ ಯಾರನ್ನರ ಕಳಸ್ರಿ."