ಐದು ರೂಪಾಯಿಯ ಪೊಟ್ಟಣ, ಮಗುವಿನ ತೂಕ

ಮಡಂತ್ಯಾರು ಪೇಟೆಯ ನನ್ನ ದಿನಸಿ ಅಂಗಡಿಯಲ್ಲಿ ಬೇಗ ಖಾಲಿಯಾಗುವುದು ಐದು ರೂಪಾಯಿಯ ಚಿಪ್ಸ್ ಸರ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ಮಜೂರಿ ಹಿಡಿದು ಬಂದ ತಾಯಿ ಕುಚ್ಚಲಕ್ಕಿ, ಎಣ್ಣೆ, ಮೆಣಸು ಎಲ್ಲವನ್ನೂ ಲೆಕ್ಕ ಹಾಕಿ ಕೊಳ್ಳುತ್ತಾರೆ. ಮಗು ಸೆರಗು ಜಗ್ಗಿದಾಗ ಮಾತ್ರ, "ಒಂದು ಕೊಡಿ ಅಣ್ಣಾ, ಹಟ ಮಾಡ್ತದೆ" ಅನ್ನುತ್ತಾರೆ. ಅವರನ್ನು ದೂರಲಾರೆ. ಆ ಐದು ರೂಪಾಯಿಗೆ ಒಂದು ಮೊಟ್ಟೆಯೂ ಬರುವುದಿಲ್ಲ, ಸೇಬಂತೂ ದೂರದ ಮಾತು. ಕಡಿಮೆ ದುಡ್ಡಿಗೆ ಸಿಗುವುದು ಎಣ್ಣೆ, ಉಪ್ಪು, ಸಕ್ಕರೆ. ಹೊಟ್ಟೆ ತುಂಬಿದಂತಾಗುತ್ತದೆ, ಮೈ ಬೆಳೆಯಲು ಬೇಕಾದದ್ದು ಸಿಗುವುದಿಲ್ಲ.

ಇಂಥ ತಿನಿಸು ತರುವ ಬೊಜ್ಜು ಉಳ್ಳವರ ಮನೆಯದು ಎಂಬ ಮಾತು ಸುಳ್ಳಲ್ಲ. ನಮ್ಮ ದೇಶದಲ್ಲಿ ಈಗಲೂ ಅನುಕೂಲಸ್ಥರ ಮಕ್ಕಳಲ್ಲೇ ಅದು ಹೆಚ್ಚು. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಬಡವರ ಮಕ್ಕಳಿಗೇ ಅದರ ಹೊಡೆತ ಜಾಸ್ತಿ. ನಾವೂ ಅತ್ತಲೇ ಹೊರಳುತ್ತೇವೆಯೇ ಎಂಬುದು ನನ್ನ ಆತಂಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ಶೇ. 2.1 ಇದ್ದರೆ, 2019-21ರಲ್ಲಿ ಶೇ. 3.4. ಶಾಲಾ ವಯಸ್ಸಿನವರಲ್ಲಿ ಜಗತ್ತಿನಾದ್ಯಂತ ಬೊಜ್ಜು ಕಡಿಮೆ ತೂಕವನ್ನೂ ಹಿಂದಿಕ್ಕಿದೆ ಎಂದು 2025ರಲ್ಲಿ ಯುನಿಸೆಫ್ ಹೇಳಿತು.

ಆದರೂ ನಮ್ಮೂರ ಮನೆಗಳಲ್ಲಿ ಅಗ್ಗದ ಒಳ್ಳೆಯ ಊಟ ಇನ್ನೂ ಉಳಿದಿದೆ: ಗಂಜಿ, ಹುರುಳಿ ಚಟ್ನಿ, ಹಿತ್ತಲ ಬಸಳೆ, ಸೀಸನ್ನಿನಲ್ಲಿ ಬೂತಾಯಿ ಮೀನು. ಸರಕಾರಿ ಶಾಲೆಯಲ್ಲಿ ಮೊಟ್ಟೆಯನ್ನೂ ಕೊಡುತ್ತಾರೆ. ತಾಯಂದಿರೇ, ಆ ಮೊಟ್ಟೆಯನ್ನು ಮಗು ತಿಂದಿತೇ ಎಂದು ಸಂಜೆ ಒಮ್ಮೆ ವಿಚಾರಿಸಿ.