ಕೀಲು ಜಾರುವುದು ಕೂರುವಾಗ

ಅಂಬಾಜಿದುರ್ಗದ ಬೆಟ್ಟದ ಸುತ್ತಲ ಊರುಗಳಲ್ಲಿ ಬದುಕೆಲ್ಲ ನೆಲಕ್ಕಂಟಿಕೊಂಡೇ ಇದೆ. ಹಸು ಕರೆಯುವುದು ಕುಕ್ಕರುಗಾಲಿನಲ್ಲಿ, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುವುದು ಚಕ್ಕಳಮಕ್ಕಳ ಹಾಕಿಕೊಂಡು, ಟೊಮೆಟೊ ಕೀಳುವುದು ಸೊಂಟ ಬಗ್ಗಿಸಿ, ಮುದ್ದೆ ಉಣ್ಣುವುದು ಚಾಪೆಯ ಮೇಲೆ. ಸಂಧಿವಾತದಿಂದ ಸೊಂಟದ ಕೀಲು ಸವೆದು, ಕೋಲಾರಕ್ಕೋ ಬೆಂಗಳೂರಿಗೋ ಹೋಗಿ ಕೃತಕ ಕೀಲು ಹಾಕಿಸಿಕೊಂಡು ಬಂದವರಿಗೆ ಡಾಕ್ಟರು ‘ಇನ್ನು ಕೆಳಗೆ ಕೂರಬೇಡಿ’ ಎಂದು ಹೇಳಿಯೇ ಕಳಿಸಿರುತ್ತಾರೆ. ಯಾಕೆಂದು ಬಿಡಿಸಿ ಹೇಳುವಷ್ಟು ಹೊತ್ತು ಅಲ್ಲಿ ಸಿಕ್ಕಿರುವುದಿಲ್ಲ. ಕಾರಣ ತಿಳಿಯದ ಕಟ್ಟಳೆಯನ್ನು ಎಷ್ಟು ದಿನ ಪಾಲಿಸಲಾದೀತು? ಹಾಗಾಗಿ ಮೊದಲು ಕಾರಣವನ್ನೇ ನೋಡೋಣ.

ಕೃತಕ ಕೀಲೆಂದರೆ ಒಂದು ಬಟ್ಟಲು, ಅದರೊಳಗೆ ತಿರುಗುವ ಒಂದು ಗುಂಡು. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಇದಕ್ಕೆ ಇಂದಿನ ರೂಪ ಕೊಟ್ಟರು. ಅವರ ಗುಂಡಿನ ಅಗಲ ಸುಮಾರು 22 ಮಿ.ಮೀ. ಇತ್ತು, ಈಗ 28, 32, 36 ಮಿ.ಮೀ. ಗುಂಡುಗಳನ್ನು ಹಾಕುತ್ತಾರೆ. ಗುಂಡು ದೊಡ್ಡದಾದಷ್ಟೂ ಬಟ್ಟಲಿನಿಂದ ಆಚೆ ಬರಲು ಹೆಚ್ಚು ದೂರ ಸರಿಯಬೇಕು. ಸಾಮಾನ್ಯವಾಗಿ ಗುಂಡನ್ನು ಹಿಡಿದಿಡಲು ಒಳಗೆ ಬೋಲ್ಟು, ಕೊಂಡಿ ಏನೂ ಇರುವುದಿಲ್ಲ. ಸುತ್ತಲ ಸ್ನಾಯುಗಳ ಬಿಗಿ ಮತ್ತು ಕೀಲಿನ ಚೀಲವೇ ಅದನ್ನು ಕಾಯಬೇಕು. ಆಪರೇಷನ್ನಿನಲ್ಲಿ ಆ ಚೀಲವನ್ನೇ ಕೊಯ್ದಿರುತ್ತಾರೆ, ಅದು ಕೂಡಿಕೊಳ್ಳಲು ವಾರಗಳು ಬೇಕು. ಜಾರುವ ಕೀಲುಗಳಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ಮೂರು ತಿಂಗಳಲ್ಲೇ ಜಾರುವುದು ಇದಕ್ಕಾಗಿ.

ಹಿಂಬದಿಯಿಂದ ಕೊಯ್ದು ಹಾಕಿದ ಕೀಲು ಬಹುಮಟ್ಟಿಗೆ ಹಿಂದಕ್ಕೇ ಜಾರುತ್ತದೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದು, ಒಳಕ್ಕೆ ವಾಲಿ, ಪಾದವೂ ಒಳಕ್ಕೆ ತಿರುಗಿದರೆ ಗುಂಡಿನ ಕೆಳಗಿನ ಕತ್ತು ಬಟ್ಟಲಿನ ಅಂಚಿಗೆ ತಾಗುತ್ತದೆ. ಹಾರೆಯಿಂದ ಕಲ್ಲು ಮೀಟಿದಂತೆ ಗುಂಡು ಮೇಲೆದ್ದು ಆಚೆ ಬೀಳುತ್ತದೆ. ತಗ್ಗಿನ ಮಣೆಯಿಂದ ಏಳುವಾಗ, ಚಪ್ಪಲಿ ಸರಿಮಾಡಲು ಬಗ್ಗುವಾಗ, ನೆಲದ ಕಕ್ಕಸಿನಲ್ಲಿ ಕೂರುವಾಗ ಆಗುವುದೂ ಇದೇ. ಮುಂಬದಿಯಿಂದ ಆಪರೇಷನ್ ಆಗಿದ್ದರೆ ನಿಯಮ ತಿರುಗುಮುರುಗು: ಕಾಲನ್ನು ಹಿಂದಕ್ಕೆ ಚಾಚಿ ಪಾದ ಹೊರಕ್ಕೆ ತಿರುಗಿಸುವುದು ಅಪಾಯ. ನಿಮ್ಮದು ಯಾವ ಬದಿಯಿಂದ ಆಗಿದೆಯೆಂದು ಕೇಳಿ ಬರೆಸಿಕೊಳ್ಳಿ. ಪಕ್ಕದ ಮನೆಯವರ ನಿಯಮ ನಿಮಗೆ ಹೊಂದದೆ ಹೋಗಬಹುದು.

ನೆಟ್ಟಗೆ ನಡೆಯುವಾಗ ಈ ಮೀಟುವಿಕೆಗೆ ಎಡೆಯಿಲ್ಲ. ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಒಮ್ಮೆ ಕೀಲು ಜಾರಿದ ಮೇಲೆ ಎಷ್ಟೋ ಮನೆಗಳಲ್ಲಿ ‘ಅಮ್ಮ, ನೀನು ಏಳಲೇಬೇಡ’ ಎಂದು ಮಲಗಿಸಿಬಿಡುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು, ಆದರೆ ಮಲಗಿದಷ್ಟೂ ಸೊಂಟದ ಪಕ್ಕದ ಸ್ನಾಯು ಸೊರಗುತ್ತದೆ, ಗುಂಡನ್ನು ಕಾಯುವವರೇ ಇಲ್ಲದಂತಾಗುತ್ತದೆ. ಡಾಕ್ಟರು ಒಪ್ಪಿದ ಮೇಲೆ ದಿನವೂ ನಡೆಯಬೇಕು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಕಾಲನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ ಮಾಡಬೇಕು.

ರುಮಟಾಯ್ಡ್ ಸಂಧಿವಾತ ಇದ್ದವರಿಗೆ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಆ ರೋಗವೂ, ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆಯೂ ಕೀಲಿನ ಸುತ್ತಲ ಅಂಗಾಂಶವನ್ನು ಸಡಿಲಗೊಳಿಸಿರುತ್ತವೆ. ಬೆರಳು ಸೊಟ್ಟಗಾದವರಿಗೆ ವಾಕರ್ ಹಿಡಿಯಲಾಗದು. ಮುಂಗೈಯನ್ನೇ ಊರಿಕೊಂಡು ನಡೆಯುವ ವಾಕರ್ ಇದೆ, ಅದನ್ನು ಕೇಳಿ. ಬೆಳಗಿನ ಬಿಗಿತ ಬಿಡುವ ಮೊದಲೇ ಗಡಿಬಿಡಿಯಲ್ಲಿ ಎದ್ದರೆ ಕಾಲು ತಿರುಚುತ್ತದೆ, ಹಾಲಿನ ಡೇರಿಗೆ ಹೊತ್ತಾದರೂ ಸರಿ, ಸ್ವಲ್ಪ ತಡೆಯಿರಿ.

ಬೆನ್ನಿನ ವಿಷಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನಾವು ಕೂತಾಗ ಬೆನ್ನಿನ ಕೆಳಭಾಗ ಬಾಗಿ, ಸೊಂಟದ ಮೂಳೆ ಹಿಂದಕ್ಕೆ ವಾಲಿ, ಬಟ್ಟಲಿನ ಬಾಯಿ ಮುಂದಕ್ಕೆ ತೆರೆದುಕೊಂಡು ತೊಡೆಗೆ ಜಾಗ ಮಾಡಿಕೊಡುತ್ತದೆ. ಬೆನ್ನು ಬಿಗಿದಿದ್ದರೆ ಈ ವಾಲುವಿಕೆ ಇಲ್ಲ, ಬಾಗುವ ಭಾರವೆಲ್ಲ ಕೀಲಿನ ಮೇಲೆ. ಬೆನ್ನು ಬಿಗಿಯಲು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಸಂಧಿವಾತ ಕಾರಣವಿರಬಹುದು, ವಯಸ್ಸಿರಬಹುದು. ನಮ್ಮ ಜಿಲ್ಲೆಯಲ್ಲಿ ನೀರೂ ಇರಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿ.ಗ್ರಾಂ. ಮಿತಿಯನ್ನು ಮೀರಿದೆ, ಹತ್ತಾರು ವರ್ಷ ಅದನ್ನೇ ಕುಡಿದರೆ ಬೆನ್ನುಮೂಳೆಯ ಕಟ್ಟುಗಳು ಸುಣ್ಣಗಟ್ಟಿ ಮರಗಟ್ಟುತ್ತವೆ. ಆಪರೇಷನ್ನಿಗೆ ಮುಂಚೆಯೇ ‘ನನ್ನ ಬೆನ್ನು ಬಗ್ಗಲ್ಲ’ ಎಂದು ಡಾಕ್ಟರಿಗೆ ಹೇಳಿ. ನಿಂತಾಗಿನ, ಕೂತಾಗಿನ ಎಕ್ಸ್‌ರೇ ಎರಡನ್ನೂ ನೋಡಿ ಅವರು ಬಟ್ಟಲಿನ ಓರೆಯನ್ನು ಅದಕ್ಕೆ ತಕ್ಕಂತೆ ಕೂರಿಸಬಹುದು.

ಮನೆಯಲ್ಲಿ ಅಳತೆ ಒಂದೇ: ಕೂತಾಗ ಸೊಂಟ ಮಂಡಿಗಿಂತ ಮೇಲಿರಬೇಕು. ಕೈಯಿರುವ ಗಟ್ಟಿ ಕುರ್ಚಿ, ಎತ್ತರಿಸಿದ ಮಂಚ, ನೆಲದ ಕಕ್ಕಸಿದ್ದರೆ ಅದರ ಮೇಲೆ ಕಮೋಡ್ ಕುರ್ಚಿ. ಏಳುವಾಗ ಮುಂದಕ್ಕೆ ಬಗ್ಗದೆ, ಅಂಚಿಗೆ ಸರಿದು, ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಕುರ್ಚಿಯ ಕೈ ಒತ್ತಿ ಏಳಬೇಕು. ಬಸ್ಸು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಗೂಡು ಬಿಡಿಸುವ ಕೆಲಸ ಬಿಡಲೇಬೇಕೆಂದಿಲ್ಲ, ಚಂದ್ರಿಕೆಯನ್ನು ಮೇಜಿನೆತ್ತರಕ್ಕೆ ತಂದರೆ ಸಾಕು. ಕೈವಾರದ ಗುರುಪೂಜೆ ಸಂಗೀತೋತ್ಸವಕ್ಕೂ ಹೋಗಿಬನ್ನಿ, ಕುರ್ಚಿ ಕೇಳಿ ಕೂತು ಕೇಳಿ.

ಇಷ್ಟಾದರೂ ಜಾರಿದರೆ? ‘ಟಕ್’ ಎಂದು ಶಬ್ದವಾಗಬಹುದು, ತಡೆಯಲಾರದ ನೋವು, ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿರುತ್ತದೆ. ಮುಂದಕ್ಕೆ ಜಾರಿದ್ದರೆ ಹೊರಕ್ಕೆ. ನಿಲ್ಲಲು ಆಗುವುದಿಲ್ಲ. ಎಬ್ಬಿಸಬೇಡಿ, ಕಾಲು ನೀವಬೇಡಿ, ಎಳೆಯಬೇಡಿ. ಇದ್ದ ಹಾಗೇ ದಿಂಬು ಆನಿಸಿ 108ಕ್ಕೆ ಕರೆಮಾಡಿ. ಅರಿವಳಿಕೆ ಕೊಡಬೇಕಾಗುವುದರಿಂದ ಕಾಫಿ, ನೀರು ಏನೂ ಬೇಡ. ಪಾದ ಜೋಮು ಹಿಡಿದಿದೆಯೇ, ಮೇಲಕ್ಕೆ ಎತ್ತಲಾಗುತ್ತದೆಯೇ ನೋಡಿ. ಆಗದಿದ್ದರೆ ನರಕ್ಕೆ ಪೆಟ್ಟು ಬಿದ್ದಿರಬಹುದು, ಹೋದ ಕೂಡಲೇ ಡಾಕ್ಟರಿಗೆ ತಿಳಿಸಿ.

ಕೈಕಾಲು ಮುರಿದರೆ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವುದು ನಮ್ಮ ಕಡೆ ತಲೆಮಾರುಗಳಿಂದ ಇರುವ ರೂಢಿ. ಈ ಕೀಲಿಗೆ ಮಾತ್ರ ಆ ದಾರಿ ಹಿಡಿಯಬೇಡಿ. ಒಳಗಿರುವುದು ಲೋಹ. ಎಕ್ಸ್‌ರೇ ಇಲ್ಲದೆ ಎಳೆದರೆ ಅದರ ಸುತ್ತಲ ಮೂಳೆ ಒಡೆಯಬಹುದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಅರಿವಳಿಕೆಯಿಂದ ಸ್ನಾಯು ಸಡಿಲಿಸಿ, ಬಹಳ ಸಲ ಕೊಯ್ಯದೆಯೇ ಗುಂಡನ್ನು ಒಳಗೆ ಕೂರಿಸುತ್ತಾರೆ. ಹೊತ್ತು ಕಳೆದಷ್ಟೂ ಸ್ನಾಯು ಬಿಗಿದು ಕೆಲಸ ಕಠಿಣವಾಗುತ್ತದೆ.

ಗುಂಡು ಕೂತ ಮೇಲೆ ನೋವು ಹೋಯಿತೆಂದು ಎದ್ದು ಬಂದುಬಿಡಬೇಡಿ, ಯಾಕೆ ಜಾರಿತೆಂದು ಕೇಳಿ. ಬಟ್ಟಲಿನ ಓರೆ ತಪ್ಪಿದೆಯೇ, ಬಟ್ಟಲೊಳಗಿನ ಪ್ಲಾಸ್ಟಿಕ್ ಸವೆದಿದೆಯೇ, ಸೋಂಕಿದೆಯೇ, ಸ್ನಾಯು ಕಿತ್ತಿದೆಯೇ? ಹಾಕಿಸಿ ಹತ್ತು ವರ್ಷವಾದ ಕೀಲು ಮೊದಲ ಬಾರಿ ಜಾರಿದರೆ ಸವೆತದ ಅನುಮಾನ ಹೆಚ್ಚು. ಮತ್ತೆ ಮತ್ತೆ ಜಾರುತ್ತಿದ್ದರೆ ಮರುಆಪರೇಷನ್ ಬೇಕಾಗಬಹುದು. ಗುಂಡಿನ ಮೇಲೊಂದು ದೊಡ್ಡ ಪ್ಲಾಸ್ಟಿಕ್ ಗುಂಡು ತೊಡಿಸಿ ಎರಡೂ ತಿರುಗುವಂತೆ ಮಾಡುವ ಕೀಲನ್ನು 1970ರ ದಶಕದಲ್ಲಿ ಫ್ರಾನ್ಸಿನ ಜಿಲ್ ಬುಸ್ಕೆ ರೂಪಿಸಿದರು. ‘ಡ್ಯುಯಲ್ ಮೊಬಿಲಿಟಿ’ ಎಂದು ಕೇಳಿದರೆ ಡಾಕ್ಟರಿಗೆ ತಿಳಿಯುತ್ತದೆ.

ಮರುಆಪರೇಷನ್ನಿಗೆ ಹಳೆಯ ಕೀಲಿನ ಕಂಪನಿ, ಅಳತೆ ಗೊತ್ತಿರಬೇಕು. ಅವು ಡಿಸ್ಚಾರ್ಜ್ ಹಾಳೆಗೆ ಅಂಟಿಸಿದ ಪುಟ್ಟ ಸ್ಟಿಕರಿನಲ್ಲಿರುತ್ತವೆ. ಸ್ಟಿಕರ್ ಇಲ್ಲದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಸಂಧಿವಾತದ ಮಾತ್ರೆಗಳ ಚೀಟಿಯನ್ನೂ ಅದರ ಜೊತೆಗಿಡಿ. ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವಂತಿಲ್ಲ ಎಂಬುದು ಅರಿವಳಿಕೆ ಕೊಡುವವರಿಗೂ ತಿಳಿದಿರಬೇಕು. ಎರಡನ್ನೂ ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಅದು ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ತೋರಿಸಿಡಿ.