ಓಡುವ ಶೇರುಗಳೂ ನಮ್ಮ ತಾಳ್ಮೆಯೂ

ಬೆಳಗಿನ ಒಂಬತ್ತೂಕಾಲು ಗಂಟೆಗೆ ಶೇರು ಬಜಾರಿನ ವ್ಯವಹಾರ ಆರಂಭವಾಗುತ್ತದೆ. ಗೋರೆಗಾಂವ್ ಸ್ಟೇಶನ್ನಿನ ಪೂರ್ವ ಪಶ್ಚಿಮಗಳೆರಡರಲ್ಲಿಯೂ ನಮ್ಮವರ ಹೋಟೆಲುಗಳಲ್ಲಿ ನಾಷ್ಟಾದ ಗಿರಾಕಿ ತುಂಬಿರುವ ವೇಳೆಯೂ ಅದೇ. ಸಪ್ಲೈಯರನ ಒಂದು ಕೈಯಲ್ಲಿ ಇಡ್ಲಿಯ ತಟ್ಟೆ, ಮತ್ತೊಂದು ಕೈ ಜೇಬಿನ ಮೊಬೈಲಿನ ಮೇಲೆ. ಗಲ್ಲಾದ ಮೇಲೆ ಕುಳಿತವನ ಒಂದು ಕಣ್ಣು ಚಿಲ್ಲರೆಯ ಮೇಲೆ, ಇನ್ನೊಂದು ಶೇರಿನ ದರದ ಮೇಲೆ. ಆಫೀಸಿನ ಗುಮಾಸ್ತ ಬಾಂಧವರ ಪರಿಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರಿ ಲಾಭ ಗಳಿಸುವ ಈ ದಿನದ ವ್ಯಾಪಾರದ ಗೀಳು ನಮ್ಮ ತರುಣರಲ್ಲಿ ಹಬ್ಬಿರುವುದರಿಂದ ಅದರ ಗುಣದೋಷಗಳನ್ನು ವಿಚಾರಿಸುವುದು ಉಚಿತವೆಂದು ಭಾವಿಸುತ್ತೇವೆ.

ಆಲದ ಮರದಿಂದ ಅಂಗೈಗೆ

ಮುಂಬಯಿಗೆ ಈ ಗೀಳು ಹೊಸತಲ್ಲ. ಟೌನ್ ಹಾಲಿನ ಎದುರಿನ ಆಲದ ಮರದಡಿ ಸೇರುತ್ತಿದ್ದ ದಲ್ಲಾಳಿಗಳ ಗುಂಪೇ ಮುಂದೆ 1875ರಲ್ಲಿ ಸಂಘವಾಗಿ, ದಲಾಲ್ ಸ್ಟ್ರೀಟಿನ ಶೇರು ಬಜಾರಾಗಿ ಬೆಳೆಯಿತು. ಅದಕ್ಕೂ ಮೊದಲು, 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗದಂತಾಗಿ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆ ಹಣವೆಲ್ಲ ಶೇರುಗಳಿಗೆ ಹರಿಯಿತು. ಸಮುದ್ರವನ್ನು ತುಂಬಿಸಿ ನೆಲ ಮಾಡುವ ಬ್ಯಾಕ್‌ಬೇ ಕಂಪೆನಿಯ ಶೇರು ಗಗನಕ್ಕೇರಿತು. ಯುದ್ಧ ಮುಗಿದೊಡನೆ ಎಲ್ಲವೂ ಕುಸಿಯಿತು. ಪ್ರಸಿದ್ಧ ದಲ್ಲಾಳಿ ಪ್ರೇಮಚಂದ ರಾಯಚಂದರಂತಹ ಕುಬೇರರೂ ನೆಲಕಚ್ಚಿದರು; ಬ್ಯಾಂಕ್ ಆಫ್ ಬಾಂಬೆ ಮುಳುಗಿತು. ಓಡುವ ಶೇರಿನ ಬೆನ್ನು ಹತ್ತಿದವರ ಕಥೆ ಇಷ್ಟು ಹಳೆಯದು.

1995ರವರೆಗೆ ಈ ಬಜಾರಿನ ಅಂಗಣದಲ್ಲಿ ದಲ್ಲಾಳಿಗಳು ಕೂಗಿ ಕೈಸನ್ನೆ ಮಾಡಿ ವ್ಯಾಪಾರ ಮಾಡುತ್ತಿದ್ದರು. ಬಳಿಕ ಕಂಪ್ಯೂಟರು ಬಂದಿತು, ಈಗ ಮೊಬೈಲು ಬಂದಿದೆ. ಹಿಂದೆ ಬಜಾರಿನ ಬಾಗಿಲನ್ನೂ ಕಾಣದಿದ್ದ ಹೋಟೆಲ್ ಕಾರ್ಮಿಕನಿಗೆ ಇಂದು ಬಜಾರೇ ಅಂಗೈಯಲ್ಲಿದೆ. ಬಾಗಿಲು ತೆರೆದಿರುವುದು ಒಳ್ಳೆಯದೇ. ಆದರೆ ಒಳಗೆ ಹೋಗುವವನಿಗೆ ಹೊರಗೆ ಬರುವ ದಾರಿಯೂ ತಿಳಿದಿರಬೇಕು.

ಓಡುವ ಶೇರು ಎಂದರೇನು?

ಯಾವುದೋ ಸುದ್ದಿಯಿಂದಲೋ ದೊಡ್ಡವರ ಖರೀದಿಯಿಂದಲೋ ಒಂದು ಶೇರಿನ ದರವು ಭಾರೀ ವಹಿವಾಟಿನೊಡನೆ ಒಂದೇ ದಿಕ್ಕಿಗೆ ಸಾಗತೊಡಗಿದರೆ ಅದಕ್ಕೆ 'ಮೊಮೆಂಟಮ್' ಬಂದಿತೆನ್ನುತ್ತಾರೆ. ಆ ವೇಗ ಇರುವಷ್ಟು ಹೊತ್ತು ಜೊತೆಗೆ ಓಡಿ, ಅದು ಕುಂದುವ ಮೊದಲು ಇಳಿದುಬಿಡುವುದೇ ಈ ವ್ಯಾಪಾರದ ಮರ್ಮ. ಕೇಳಲು ಸುಲಭ, ಮಾಡಲು ಕಠಿಣ.

ಎಷ್ಟು ಕಠಿಣವೆಂಬುದಕ್ಕೆ ಶೇರು ಪೇಟೆಯ ಸರಕಾರಿ ನಿಯಂತ್ರಣ ಸಂಸ್ಥೆಯಾದ ಸೆಬಿಯು 2024ರ ಜುಲೈಯಲ್ಲಿ ಪ್ರಕಟಿಸಿದ ವರದಿಯೇ ಸಾಕ್ಷಿ. 2022-23ರಲ್ಲಿ ದಿನದ ವ್ಯಾಪಾರ ಮಾಡಿದ ನೂರು ಮಂದಿಯಲ್ಲಿ 71 ಮಂದಿ ನಷ್ಟ ಹೊಂದಿದರು. ಮೂವತ್ತು ವರ್ಷದೊಳಗಿನ ತರುಣರಲ್ಲಿ ನಷ್ಟ ಹೊಂದಿದವರು ನೂರಕ್ಕೆ 76. ವರ್ಷದಲ್ಲಿ ಐನೂರಕ್ಕಿಂತ ಹೆಚ್ಚು ಸಲ ಕೊಂಡು ಮಾರಿದವರಲ್ಲಿ ನೂರಕ್ಕೆ 80. ಹೆಚ್ಚು ಕೆಲಸ ಮಾಡಿದವನಿಗೆ ಹೆಚ್ಚು ಕೂಲಿ ಎಂಬ ನಮ್ಮ ಅಡಿಗೆಮನೆಯ ನ್ಯಾಯವು ಇಲ್ಲಿ ತಲೆಕೆಳಗಾಗಿದೆಯೆಂಬುದನ್ನು ವಾಚಕರು ಗಮನಿಸಬೇಕು. ಫ್ಯೂಚರ್ಸ್, ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರದಲ್ಲಂತೂ 2021ರ ಏಪ್ರಿಲಿನಿಂದ 2024ರ ಮಾರ್ಚಿಗೆ ಮುಗಿದ ಮೂರು ಆರ್ಥಿಕ ವರ್ಷಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು.

ನಷ್ಟದ ಲೆಕ್ಕ

ಬುದ್ಧಿವಂತರೂ ಏಕೆ ಸೋಲುತ್ತಾರೆ? ಮೊದಲನೆಯ ಕಾರಣ ಸಾಲದ ಬಲ. ದಿನದ ವ್ಯಾಪಾರದಲ್ಲಿ ನಮ್ಮ ಹಣದ ಐದು ಪಟ್ಟಿನವರೆಗೆ ಖರೀದಿಸಲು ಬ್ರೋಕರನು ಅವಕಾಶ ಕೊಡಬಹುದು. ಕೈಯಲ್ಲಿರುವ 20,000 ರೂಪಾಯಿಗೆ ಒಂದು ಲಕ್ಷದ ಶೇರು ಕೊಂಡವನಿಗೆ ದರ ನೂರಕ್ಕೆ ಎರಡರಷ್ಟು ಇಳಿದರೆ 2,000 ರೂಪಾಯಿ ಹೋಯಿತು. ಹತ್ತರಷ್ಟು ಇಳಿದರೆ ಬಂಡವಾಳದ ಅರ್ಧವೇ ಹೋಯಿತು. ಅರ್ಧ ಕಳೆದುಕೊಂಡವನು ಮೊದಲಿನ ಸ್ಥಿತಿಗೆ ಬರಬೇಕಾದರೆ ಉಳಿದುದನ್ನು ಎರಡು ಪಟ್ಟು ಮಾಡಬೇಕಾಗುತ್ತದೆ.

ಎರಡನೆಯದು ಖರ್ಚು. ದಲ್ಲಾಳಿ, ತೆರಿಗೆ, ಸ್ಟಾಂಪು ಎಲ್ಲ ಸೇರಿ ಒಂದು ಸಲ ಕೊಂಡು ಮಾರುವುದಕ್ಕೆ 15 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ನಾಲ್ಕು ಸಲದಂತೆ ತಿಂಗಳ ಇಪ್ಪತ್ತು ದಿನಕ್ಕೆ 1,200 ರೂಪಾಯಿ, ವರ್ಷಕ್ಕೆ 14,400. ಬಂಡವಾಳವು 20,000 ಮಾತ್ರ! ತಿಂಗಳಿಗೆ ನೂರಕ್ಕೆ ಆರರ ಬಡ್ಡಿಗೆ ಸಾಲ ತೆಗೆದು ಹೋಟೆಲು ನಡೆಸುವವನುಂಟೆ?

ಶಿಸ್ತಿನ ದಾರಿ

ಇಷ್ಟಾದರೂ ಈ ವ್ಯಾಪಾರವನ್ನು ಮಾಡಿಯೇ ತೀರುವೆವೆಂಬವರಿಗೆ ಅನುಭವಿಗಳು ಪಾಲಿಸುವ ಕೆಲವು ನಿಯಮಗಳನ್ನು ಇಲ್ಲಿ ಹೇಳುತ್ತೇವೆ.

ಶೇರು ಕೊಳ್ಳುವ ಮೊದಲೇ ಎಲ್ಲಿ ಬಿಡಬೇಕೆಂಬುದನ್ನು ನಿರ್ಧರಿಸಬೇಕು. ಇದಕ್ಕೆ 'ಸ್ಟಾಪ್ ಲಾಸ್' ಎಂದು ಹೆಸರು. ಒಂದು ವ್ಯವಹಾರದಲ್ಲಿ ಬಂಡವಾಳದ ನೂರಕ್ಕೆ ಒಂದಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು. 20,000ಕ್ಕೆ ಅದು 200 ರೂಪಾಯಿ. ಶೇರಿನ ದರ 250 ಇದ್ದು 246ಕ್ಕೆ ಬಿಡುವುದಾದರೆ ನಷ್ಟ ಶೇರಿಗೆ ನಾಲ್ಕು ರೂಪಾಯಿ. ಆದುದರಿಂದ ಐವತ್ತು ಶೇರುಗಳಿಗಿಂತ ಹೆಚ್ಚು ಕೊಳ್ಳಕೂಡದು. ಬೆಲೆ 12,500, ಸಾಲದ ಅವಶ್ಯಕತೆಯೇ ಇಲ್ಲ. ಹೀಗೆ ಸತತ ಐದು ಸಲ ಸೋತರೂ ಖರ್ಚು ಬಿಟ್ಟು 19,000 ರೂಪಾಯಿ ಕೈಯಲ್ಲಿರುತ್ತದೆ.

ಹೊರಟುಬಿಟ್ಟ ಲೋಕಲ್ ಗಾಡಿಗೆ ಜಿಗಿಯಬಾರದು. ದರ ಏರಿ ಹೋದ ಮೇಲೆ ಬೆನ್ನಟ್ಟಿ ಕೊಳ್ಳುವವನೇ ಕೊನೆಗೆ ಇಳಿಯುವವರಿಂದ ಮಾಲು ಪಡೆಯುವವನಾಗುತ್ತಾನೆ. ಮುಂದಿನ ಗಾಡಿ ಬಂದೇ ಬರುತ್ತದೆ. ಬಜಾರು ತೆರೆದ ಮೊದಲ ಹದಿನೈದು ನಿಮಿಷ ಹುಚ್ಚು ಏರಿಳಿತದ ಕಾಲ. ಆಗ ಸುಮ್ಮನಿರುವುದೇ ಲೇಸು. ದಿನಕ್ಕೆ ಎರಡು ಸೋಲಾದರೆ ಆ ದಿನದ ಅಂಗಡಿ ಮುಚ್ಚಬೇಕು. ಪ್ರತಿಯೊಂದು ವ್ಯವಹಾರವನ್ನೂ ಕಿರ್ದಿಯಲ್ಲಿ ಬರೆದಿಡಬೇಕು: ಏಕೆ ಕೊಂಡೆ, ಏಕೆ ಮಾರಿದೆ, ಖರ್ಚು ಎಷ್ಟು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ನೆನೆದು ಇಳಿಯುತ್ತಿರುವ ಶೇರನ್ನು ಕಟ್ಟಿಕೊಂಡು ಕೂರುವುದು ತಾಳ್ಮೆಯಲ್ಲ. ಅದು ಸೋಲನ್ನು ಒಪ್ಪಲಾರದ ಹಟ. ಕೊಳ್ಳುವ ಮೊದಲು ಕಾಯುವುದೇ ತಾಳ್ಮೆ. ಕೊಂಡ ಮೇಲೆ ನಿಯಮದಂತೆ ಬಿಡುವುದೇ ಶಿಸ್ತು. ಹುಳಿ ಮೀರಿದ ಇಡ್ಲಿ ಹಿಟ್ಟನ್ನು ನಾಳೆ ಸರಿಹೋದೀತೆಂದು ಯಾವ ಅಡಿಗೆಯವನೂ ಇಟ್ಟುಕೊಳ್ಳುವುದಿಲ್ಲ.

ಸ್ಟಾಪ್ ಲಾಸ್ ಇದ್ದರೂ ಸಣ್ಣ ಕಂಪೆನಿಗಳ ಶೇರುಗಳಲ್ಲಿ ರಕ್ಷೆಯಿಲ್ಲ. ದಿನದ ಇಳಿಕೆಯ ಮಿತಿಯನ್ನು ಮುಟ್ಟಿದ ಶೇರಿಗೆ ಕೊಳ್ಳುವವರೇ ಇರುವುದಿಲ್ಲ, ಮಾರಬೇಕೆಂದರೂ ಮಾರಲಾಗದು. ವಾಟ್ಸಪ್, ಟೆಲಿಗ್ರಾಂ ಗುಂಪುಗಳಲ್ಲಿ 'ಖಚಿತ ಲಾಭ'ವೆಂದು ಹಂಚಲ್ಪಡುವ ಹೆಸರುಗಳು ಬಹುಪಾಲು ಇಂತಹವೇ. ಸೆಬಿಯಲ್ಲಿ ನೋಂದಾಯಿಸದವರು ಹಣ ಪಡೆದು ಸಲಹೆ ಕೊಡುವುದು ಕಾನೂನಿಗೆ ವಿರುದ್ಧ. ನಕಲಿ ಆಪ್‌ಗಳಿಂದ ವಂಚಿತರಾದವರು ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಗುಮಾಸ್ತ ಬಾಂಧವರಿಗೂ ಒಂದು ಸೂಚನೆ. 1964ರ ನಡತೆಯ ನಿಯಮಗಳಂತೆ ಕೇಂದ್ರ ಸರಕಾರದ ನೌಕರನು ಶೇರು ಸಟ್ಟಾ ಆಡುವಂತಿಲ್ಲ; ಮೇಲಿಂದ ಮೇಲೆ ಕೊಂಡು ಮಾರುವುದನ್ನು ಸಟ್ಟಾ ಎಂದೇ ಎಣಿಸಲಾಗುತ್ತದೆ. ಲಾಭದ ಆಸೆಯಿಂದ ನೌಕರಿಗೇ ಸಂಚಕಾರ ತಂದುಕೊಳ್ಳಬಾರದು.

ಯಾರ ಹಣ ಇದು?

ಕೊನೆಯ ಪ್ರಶ್ನೆಯೇ ಮೊದಲನೆಯದಾಗಬೇಕು. ಊರಿಗೆ ಕಳುಹಿಸಬೇಕಾದ ಹಣ, ತಂಗಿಯ ಮದುವೆಗೆ ಕೂಡಿಟ್ಟ ಹಣ, ಧನಿಗಳಿಂದ ಮುಂಗಡ ಪಡೆದ ಹಣ, ಇವುಗಳಲ್ಲಿ ಒಂದು ಕಾಸನ್ನೂ ಈ ವ್ಯಾಪಾರಕ್ಕೆ ತೊಡಗಿಸಲಾಗದು. ಹೋದರೆ ಹೋಗಲೆನ್ನಬಹುದಾದ ಹಣ ಯಾರಲ್ಲಿಲ್ಲವೋ ಅವರಿಗೆ ಈ ವ್ಯಾಪಾರವೂ ಇಲ್ಲ. ನೆಮ್ಮದಿಯಿಂದ ಉಳಿಸಲು ಬೇರೆ ದಾರಿಗಳು ನಮ್ಮ ಕಣ್ಣ ಮುಂದೆಯೇ ಇವೆ. ಗೋರೆಗಾಂವ್ ಪೂರ್ವದಲ್ಲಿ ಕೇಂದ್ರ ಕಚೇರಿಯಿರುವ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು 1978ರಲ್ಲಿ ಕಟ್ಟಿದವರು ನಮ್ಮ ತುಳುನಾಡಿನ ಬಿಲ್ಲವ ಬಾಂಧವರೇ. ಅದು ಬೆಳೆದುದು ಒಂದು ದಿನದ ಓಟದಿಂದಲ್ಲ, ವರ್ಷಾನುಗಟ್ಟಲೆ ಕೂಡಿಸಿದ ಉಳಿತಾಯದಿಂದ.

ಶೇರು ಬಜಾರು ನಾಳೆಯೂ ಒಂಬತ್ತೂಕಾಲಕ್ಕೆ ತೆರೆಯುತ್ತದೆ, ನಾಡಿದ್ದೂ ತೆರೆಯುತ್ತದೆ. ನಮ್ಮ ತರುಣರ ಕೈಯಲ್ಲಿ ಅಂದಿಗೂ ಬಂಡವಾಳ ಉಳಿದಿರಲಿ ಎಂಬುದೇ ನಮ್ಮ ಹಾರೈಕೆ.